ಉಡುಗೊರೆಗೆ ಮಸಾಲೆ ಬೀಜಗಳು: ಮಸಾಲೆ ಉದುರಬಾರದು, ಬೀಜ ಮೆತ್ತಗಾಗಬಾರದು. ಹೇಗೆ?

ಡಬ್ಬಿತಳ
ಹಬ್ಬಕ್ಕೆ ಹಂಚಲು ಗೋಡಂಬಿ, ಬಾದಾಮಿ, ಅಕ್ರೋಟು ಸೇರಿ 3 ಕೆಜಿ ಮಸಾಲೆ ಬೀಜ ಮಾಡಬೇಕಿದೆ. ಅರ್ಧ ಬರೀ ಖಾರದ್ದು, ಅರ್ಧ ಸಿಹಿಖಾರದ್ದು. ಬಾಣಲೆಯಲ್ಲಿ ಹುರಿದು ಬಿಸಿ ಇರುವಾಗಲೇ ಎಣ್ಣೆ, ಉಪ್ಪು, ಮೆಣಸಿನಪುಡಿ ಹಾಕಿ ಕಲಸಿದರೆ ಎರಡೇ ದಿನಕ್ಕೆ ಮಸಾಲೆಯೆಲ್ಲ ಡಬ್ಬಿಯ ತಳ ಸೇರುತ್ತದೆ. ಜೇನುತುಪ್ಪ ಹಾಕಿದರೆ ಎಲ್ಲ ಅಂಟಿಕೊಂಡು ಒಂದೇ ಗಡ್ಡೆ. ಸಣ್ಣ ಓವನ್ ಇದೆ, ಗ್ರಾಂ ತೋರಿಸುವ ತಕ್ಕಡಿ ಇದೆ. ಒಂದು ವಾರ ಮುಂಚೆ ಮಾಡಿಡಬಹುದಾ? ಮೊಟ್ಟೆ ಹಾಕದ ದಾರಿಯೂ ಬೇಕು.

ಗ್ರಾಂತಕ್ಕಡಿ
ಉದುರುವುದಕ್ಕೆ ಕಾರಣ ಸರಳ. ಉಪ್ಪಾಗಲಿ ಸಕ್ಕರೆಯಾಗಲಿ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಅವನ್ನು ಬೀಜದ ಮೈಗೆ ಸುಮ್ಮನೆ ಮೆತ್ತಿಸಿ ಇಟ್ಟಿರುತ್ತದೆ, ಅಷ್ಟೇ. ಅದು ಎಂದೂ ಒಣಗಿ ಗಟ್ಟಿಯಾಗದ ಕಾರಣ ಡಬ್ಬಿ ಅಲುಗಾಡಿದಂತೆಲ್ಲ ದಪ್ಪ ಕಣಗಳು ಮೊದಲು ಕಳಚುತ್ತವೆ. ಹರಳುಪ್ಪು ಎಲ್ಲಕ್ಕಿಂತ ಮುಂದೆ.

ಬರೀ ಖಾರದ್ದಕ್ಕೆ ಎಣ್ಣೆ ಸಾಕು, ಆದರೆ ಉಪ್ಪು, ಜೀರಿಗೆ, ಕಾಳುಮೆಣಸು ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ಮೈದಾದಷ್ಟು ನುಣ್ಣಗೆ ಮಾಡಿಕೊಳ್ಳಬೇಕು. 500 ಗ್ರಾಂ ಬೀಜಕ್ಕೆ ಉಪ್ಪು 7 ಗ್ರಾಂ, ಎಣ್ಣೆ ಅಥವಾ ತುಪ್ಪ 15 ಮಿಲಿ, ಮಸಾಲೆ ಒಟ್ಟು 8ರಿಂದ 10 ಗ್ರಾಂ. ಎಣ್ಣೆ ಹೆಚ್ಚು ಹಾಕಿದರೆ ಹೆಚ್ಚು ಹಿಡಿಯುತ್ತದೆ ಅಂದುಕೊಳ್ಳುತ್ತಾರೆ. ಹೆಚ್ಚಾದ ಎಣ್ಣೆ ಮಸಾಲೆಯನ್ನೂ ಕರೆದುಕೊಂಡು ತಳಕ್ಕೆ ಇಳಿಯುತ್ತದೆ, ಕೈಗೂ ಅಂಟುತ್ತದೆ.

ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ. ನುಣ್ಣನೆಯ ಉಪ್ಪು ಒಂದು ಟೀ ಚಮಚಕ್ಕೆ ಸುಮಾರು 6 ಗ್ರಾಂ ಬರುತ್ತದೆ, ಹರಳುಪ್ಪು ಹರಳಿನ ಗಾತ್ರದ ಮೇಲೆ ಎಷ್ಟು ಬೇಕಾದರೂ ಆಗಬಹುದು.

ಒಲೆಕಾವಲು
ಬಾದಾಮಿಗೆ ಇನ್ನೊಂದು ದಾರಿ ಇದೆ, ಎಣ್ಣೆಯೇ ಬೇಡ. 500 ಗ್ರಾಂ ಬಾದಾಮಿಗೆ 7 ಗ್ರಾಂ ಉಪ್ಪನ್ನು 30 ಮಿಲಿ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಹಸಿ ಬಾದಾಮಿಯ ಮೇಲೆ ಹುಯ್ದು ಚೆನ್ನಾಗಿ ಹೊರಳಿಸಿ, 5 ನಿಮಿಷ ಬಿಟ್ಟು 150 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಹುರಿಯಿರಿ. ಮೊದಲ 10 ನಿಮಿಷದಲ್ಲಿ ಎರಡು ಸಲ ಕೈಯಾಡಿಸಬೇಕು. ನೀರು ಆರಿದಾಗ ಉಪ್ಪು ಸಿಪ್ಪೆಯ ಮೇಲೆ ಬೂದಿಯಂತೆ ತೆಳ್ಳಗೆ ಕೂರುತ್ತದೆ, ಬೇಗ ಉದುರುವುದಿಲ್ಲ. ಬಾದಾಮಿಯ ಸಿಪ್ಪೆಯಲ್ಲಿ ಸುಕ್ಕು ಇರುವುದರಿಂದ ಇದು ಅಲ್ಲಿ ಚೆನ್ನಾಗಿ ಒಗ್ಗುತ್ತದೆ. ಗೋಡಂಬಿಯ ಮೈ ನುಣುಪು, ಅದಕ್ಕೆ ಗ್ರಾಂತಕ್ಕಡಿ ಹೇಳಿದ ಹಾಗೆ ತುಪ್ಪವೇ ವಾಸಿ.

ಮೂರೂ ಬೀಜವನ್ನು ಒಂದೇ ಟ್ರೇಗೆ ಸುರಿಯಬೇಡಿ. 160 ಡಿಗ್ರಿಯಲ್ಲಿ ಬಾದಾಮಿಗೆ 12ರಿಂದ 15 ನಿಮಿಷ ಬೇಕು, ಗೋಡಂಬಿಗೆ 10ರಿಂದ 12, ಅಕ್ರೋಟಿಗೆ 8ರಿಂದ 10. ಒಟ್ಟಿಗೆ ಹಾಕಿದರೆ ಬಾದಾಮಿ ಹದಕ್ಕೆ ಬರುವಷ್ಟರಲ್ಲಿ ಅಕ್ರೋಟು ಕಹಿಯಾಗಿರುತ್ತದೆ. ಬೇರೆ ಬೇರೆ ಹುರಿದು ಕೊನೆಯಲ್ಲಿ ಬೆರೆಸಿ.

ಬಣ್ಣವನ್ನು ಹೊರಗಿನಿಂದ ನೋಡಿ ನಿರ್ಧರಿಸಬೇಡಿ. ಒಂದು ಬಾದಾಮಿಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಒಳಗೆ ಹಾಲುಬಿಳುಪು ಇದ್ದರೆ ಇನ್ನೂ ಹಸಿ. ಗೋಧಿ ಬಣ್ಣ ಬಂದರೆ ಹದ. ಒಳಗೆ ಕಾಫಿ ಬಣ್ಣ ಕಂಡರೆ ಮುಗಿಯಿತು. ಟ್ರೇ ಹೊರತೆಗೆದ ಮೇಲೂ ಬೀಜ ತನ್ನೊಳಗಿನ ಬಿಸಿಗೆ ಎರಡು ಮೂರು ನಿಮಿಷ ಬೇಯುತ್ತಲೇ ಇರುತ್ತದೆ, ಹಾಗಾಗಿ ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಮುಂಚೆಯೇ ತೆಗೆದು ತಣ್ಣನೆಯ ಟ್ರೇಗೆ ಹರವಬೇಕು. ಬಿಸಿ ಟ್ರೇಯಲ್ಲೇ ಬಿಟ್ಟು ಫೋನ್ ಎತ್ತಿಕೊಂಡರೆ ಅಲ್ಲಿಗೆ ಅಷ್ಟೇ.

ನೊರೆಬಿಳಿ
ಸಿಹಿಖಾರದ್ದಕ್ಕೆ ಮೊಟ್ಟೆಯ ಬಿಳಿಯಷ್ಟು ಗಟ್ಟಿಯಾಗಿ ಹಿಡಿಯುವುದು ಬೇರೆ ಇಲ್ಲ. ಅದು ಪ್ರೋಟೀನು, ಬಿಸಿಗೆ ಗಟ್ಟಿಯಾಗಿ ತೆಳು ಪೊರೆ ಕಟ್ಟುತ್ತದೆ, ಮಸಾಲೆ ಆ ಪೊರೆಯೊಳಗೇ ಸಿಕ್ಕಿಕೊಳ್ಳುತ್ತದೆ.

500 ಗ್ರಾಂ ಹಸಿ ಬೀಜಕ್ಕೆ ಒಂದು ದೊಡ್ಡ ಮೊಟ್ಟೆಯ ಬಿಳಿ (ಸುಮಾರು 30 ಗ್ರಾಂ), 15 ಮಿಲಿ ನೀರು. ಫೋರ್ಕಿನಿಂದ ನೊರೆ ಬರುವವರೆಗೆ ಮಾತ್ರ ಕಲಕಿ, ಕೇಕಿಗೆ ಮಾಡುವಂತೆ ಗಟ್ಟಿ ನೊರೆ ಬೇಡ. ಬೀಜ ಹಾಕಿ ಹೊರಳಿಸಿ ಜರಡಿಗೆ ಸುರಿದು 5 ನಿಮಿಷ ಬಸಿಯಲು ಬಿಡಿ. ಬಹಳ ಜನ ಬಿಡುವ ಹೆಜ್ಜೆ ಇದೇ. ಬಸಿಯದಿದ್ದರೆ ಹೆಚ್ಚಿನ ಬಿಳಿ ಟ್ರೇಯ ಮೇಲೆ ಹರಡಿ ಆಮ್ಲೆಟ್ ಚೂರಿನಂತೆ ಬೇಯುತ್ತದೆ, ಬೀಜದ ಮೇಲೂ ಬಿಳಿ ತೇಪೆ ನಿಲ್ಲುತ್ತದೆ.

ಆಮೇಲೆ ಸಕ್ಕರೆ 100 ಗ್ರಾಂ, ನುಣ್ಣನೆಯ ಉಪ್ಪು 6 ಗ್ರಾಂ, ಮೆಣಸಿನಪುಡಿ ಒಂದು ಟೀ ಚಮಚ, ಚಕ್ಕೆ ಪುಡಿ ಒಂದೂವರೆ, ಶುಂಠಿ ಪುಡಿ ಅರ್ಧ, ಲವಂಗದ ಪುಡಿ ಒಂದು ಚಿಟಿಕೆ. ಲವಂಗದಲ್ಲಿ ಧಾರಾಳ ಬೇಡ, ಕಾಲು ಚಮಚ ದಾಟಿದರೆ ಹಲ್ಲುನೋವಿನ ಔಷಧಿಯ ವಾಸನೆ ಬರುತ್ತದೆ. ಎಲ್ಲ ಬೆರೆಸಿ ಬೇಕಿಂಗ್ ಪೇಪರ್ ಹಾಸಿದ ಟ್ರೇಯಲ್ಲಿ ಒಂದೇ ಪದರವಾಗಿ ಹರವಿ. 135 ಡಿಗ್ರಿ, 40ರಿಂದ 45 ನಿಮಿಷ, 15 ನಿಮಿಷಕ್ಕೊಮ್ಮೆ ಮಗುಚಿ. ಹೊರಗೆ ಬಂದಾಗ ಸ್ವಲ್ಪ ಮೆತ್ತಗೇ ಇರುತ್ತದೆ, ಗಾಬರಿ ಬೇಡ. 10 ನಿಮಿಷ ಹೊರಗಿಟ್ಟು ಕಚ್ಚಿ ನೋಡಿ, ಆಗಲೂ ಮೆತ್ತಗಿದ್ದರೆ ಮತ್ತೆ 8 ನಿಮಿಷ ಒಳಗೆ.

ಮೊಟ್ಟೆ ಬೇಡದವರಿಗೆ: ಕಾಬೂಲಿ ಕಡಲೆ ಬೇಯಿಸಿದ ನೀರು. ಉಪ್ಪು ಹಾಕದೆ ಬೇಯಿಸಿದ್ದಾಗಿರಬೇಕು. ತೆಳ್ಳಗಿದ್ದರೆ ಕುದಿಸಿ ಮೊಟ್ಟೆಯ ಬಿಳಿಯಷ್ಟು ಜಿಗುಟು ಬರುವವರೆಗೆ ಇಂಗಿಸಿ, ತಣಿಸಿ ಬಳಸಿ. ಎರಡು ಟೇಬಲ್ ಚಮಚ ಒಂದು ಬಿಳಿಗೆ ಸಮ. ಇದಕ್ಕೆ ಬೇರೆ ನೀರು ಸೇರಿಸಬಾರದು. ಒಲೆಯಿಂದ ಬಂದಾಗ ಹೊಳಪು ಸ್ವಲ್ಪ ಕಡಿಮೆ, ಹಿಡಿತ ಚೆನ್ನಾಗಿದೆ, ಕಡಲೆಯ ವಾಸನೆ ಮಸಾಲೆಯ ಮುಂದೆ ಗೊತ್ತಾಗುವುದಿಲ್ಲ.

ಎರಡೆಳೆ
ಮೊಟ್ಟೆಯೂ ಬೇಡ, ಕಡಲೆ ನೀರೂ ಬೇಡ, ಓವನ್ನೂ ಬೇಡ. ಸಕ್ಕರೆಯನ್ನು ಮರಳಾಗಿಸುವ ಹಳೆಯ ದಾರಿ ಇದೆಯಲ್ಲ?

300 ಗ್ರಾಂ ಬಾದಾಮಿ, 150 ಗ್ರಾಂ ಸಕ್ಕರೆ, 60 ಮಿಲಿ ನೀರು, ಅಗಲವಾದ ದಪ್ಪ ತಳದ ಬಾಣಲೆ. ಸಕ್ಕರೆ ಕರಗಿ ಕುದಿ ಬಂದ ಮೇಲೆ ಬಾದಾಮಿ ಹಾಕಿ ಮಧ್ಯಮ ಉರಿಯಲ್ಲಿ ಬಿಡದೆ ಕೈಯಾಡಿಸುತ್ತಿರಿ. ನೀರು ಆರುತ್ತಾ ಗುಳ್ಳೆ ದಪ್ಪವಾಗುತ್ತದೆ, ಸೌಟು ಭಾರವಾಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಪಾಕವೆಲ್ಲ ಬೆಳ್ಳಗೆ ಮರಳಾಗಿ ಬೀಜವನ್ನು ಸುತ್ತಿಕೊಳ್ಳುತ್ತದೆ. ಮೊದಲ ಸಲ ಮಾಡುವವರು ಇಲ್ಲಿ ಕೆಟ್ಟಿತು ಅಂತ ಒಲೆ ಆರಿಸುತ್ತಾರೆ. ಕೆಟ್ಟಿಲ್ಲ, ಅದೇ ಬೇಕಾಗಿರುವುದು. ಉರಿ ಸಣ್ಣ ಮಾಡಿ ಇನ್ನೂ 5ರಿಂದ 8 ನಿಮಿಷ ಮಗುಚಿದರೆ ಮರಳು ಅಲ್ಲಲ್ಲಿ ಕರಗಿ ಕಂದು ಹೊಳಪು ಬರುತ್ತದೆ, ಬಾದಾಮಿಯೂ ಒಳಗೆ ಹುರಿಯುತ್ತದೆ. ಅರ್ಧ ಮರಳು, ಅರ್ಧ ಹೊಳಪು ಇರುವಾಗ 4 ಗ್ರಾಂ ಉಪ್ಪು, ಚಕ್ಕೆ, ಮೆಣಸಿನಪುಡಿ ಉದುರಿಸಿ ಎರಡು ಸುತ್ತು ಕಲಸಿ ತಕ್ಷಣ ಹರವಿ.

ಇದಕ್ಕೆ ನಿಂಬೆರಸ ಮಾತ್ರ ತಾಗಿಸಬೇಡಿ. ಹುಳಿ ಸಕ್ಕರೆಯನ್ನು ಒಡೆದು ಹರಳುಗಟ್ಟದಂತೆ ತಡೆಯುತ್ತದೆ. ಪಾಕ ಮರಳಾಗುವುದೇ ಇಲ್ಲ, ಜೊತೆಗೆ ಒಡೆದ ಸಕ್ಕರೆ ಗಾಳಿಯ ತೇವ ಎಳೆದುಕೊಂಡು ಅಂಟುತ್ತದೆ.

ಇನ್ನೊಂದು ಮಾತು. ಈ ಹಂತದ ಪಾಕ ಕುದಿಯುವ ನೀರಿಗಿಂತ ಬಹಳ ಬಿಸಿ, ಚರ್ಮಕ್ಕೆ ತಾಗಿದರೆ ಜಾರುವುದಿಲ್ಲ, ಅಂಟಿಕೊಂಡೇ ಸುಡುತ್ತದೆ. ಬೆರಳಿನಿಂದ ರುಚಿ ನೋಡಬೇಡಿ. ತಳಕ್ಕೆ ಹಿಡಿದ ಸಕ್ಕರೆಯನ್ನು ಕೆರೆಯುವುದೂ ಬೇಡ, ಬಾಣಲೆ ತುಂಬ ನೀರು ಹಾಕಿ ಕುದಿಸಿದರೆ ತಾನೇ ಬಿಡುತ್ತದೆ.

ಡಬ್ಬಿತಳ
ಹಾಗಾದರೆ ಜೇನು ಹಾಕಿದ್ದು ಅಂಟುಂಡೆ ಆಗಿದ್ದೂ ಇದಕ್ಕೇನಾ?

ಎರಡೆಳೆ
ಹೌದು. ಜೇನಿನಲ್ಲಿ ಫ್ರಕ್ಟೋಸ್ ಹೆಚ್ಚು, ಅದು ಗಾಳಿಯ ತೇವ ಹೀರುವುದರಲ್ಲಿ ಸಾದಾ ಸಕ್ಕರೆಗಿಂತ ಬಹಳ ಮುಂದೆ. ಜೇನಿನ ರುಚಿ ಬೇಕೇ ಬೇಕು ಅಂದರೆ 500 ಗ್ರಾಂ ಬೀಜಕ್ಕೆ ಒಂದು ಟೇಬಲ್ ಚಮಚದ ಮೇಲೆ ಹೋಗಬೇಡಿ, ಉಳಿದ ಸಿಹಿ ಸಕ್ಕರೆಯಿಂದಲೇ ಬರಲಿ. ಒಂದು ವಾರ ಇಡುವ ಉಡುಗೊರೆಗೆ ನನ್ನ ಓಟು ಜೇನಿಗೆ ಇಲ್ಲ. ಕಂದು ಸಕ್ಕರೆಯೂ ಸ್ವಲ್ಪ ಹೀಗೇ, ಅರ್ಧಕ್ಕರ್ಧ ಬೆರೆಸಿದರೆ ಸರಿ.

ಉಪ್ಪುಖಾರ
ನೊರೆಬಿಳಿ ಅವರ ಅಳತೆ ಚೆನ್ನಾಗಿದೆ, ಖಾರದ ವಿಷಯದಲ್ಲಿ ಮಾತ್ರ ತಕರಾರು. ಮೆಣಸಿನಪುಡಿಯನ್ನು 45 ನಿಮಿಷ ಓವನ್ನಿನಲ್ಲಿ ಇಟ್ಟರೆ ಬಣ್ಣ ಮಂಕಾಗಿ ಕಹಿ ಬರುವುದಿಲ್ಲವೇ? ನಾನು ಹೇಳುವುದಾದರೆ ಖಾರದ ಪುಡಿ ಕೊನೆಗೇ ಹೋಗಬೇಕು.

ನೊರೆಬಿಳಿ
135ರಲ್ಲಿ ಕಹಿ ಬರುವುದಿಲ್ಲ. 170 ದಾಟಿಸಿದರೆ ಬರುತ್ತದೆ, ಅದೂ ಬೇಗ. ಪೊರೆಯ ಒಳಗಿರುವ ಪುಡಿಗೆ ನೇರ ಬಿಸಿ ತಾಗುವುದೂ ಕಡಿಮೆ. ಆದರೆ ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ ಬಳಸುವವರು ನಿಮ್ಮ ಮಾತು ಕೇಳಬೇಕು, ಅವು ಎಲ್ಲಕ್ಕಿಂತ ಮೊದಲು ಸೀಯುತ್ತವೆ.

ಗ್ರಾಂತಕ್ಕಡಿ
ಇಬ್ಬರೂ ಸರಿ, ವಿಧಾನ ಬೇರೆ ಅಷ್ಟೇ. ಎಣ್ಣೆಯ ವಿಧಾನದಲ್ಲಿ ಬೀಜವನ್ನು ಮೊದಲು ಒಣದಾಗಿ ಮುಕ್ಕಾಲು ಹುರಿದು, ತುಪ್ಪ ಮತ್ತು ಪುಡಿ ಬೆರೆಸಿ, ಕೊನೆಯ 3 ನಿಮಿಷ ಮಾತ್ರ ಮತ್ತೆ ಓವನ್ನಿಗೆ. ಮೆಣಸಿನ ಖಾರ ಕೊಬ್ಬಿನಲ್ಲಿ ಕರಗುವಂಥದ್ದು, ಆ 3 ನಿಮಿಷದಲ್ಲಿ ಹಸಿ ವಾಸನೆ ಹೋಗಿ ಖಾರ ಎಲ್ಲ ಕಡೆ ಸಮನಾಗಿ ಹರಡುತ್ತದೆ. ಹುಳಿ ಪುಡಿ, ಆಮ್‌ಚೂರ್ ಅಥವಾ ಸಿಟ್ರಿಕ್ ಆಮ್ಲ ಏನೇ ಇರಲಿ, ಬೀಜದ ಬಿಸಿ ಇಳಿದು ಬರೀ ಬೆಚ್ಚಗಿರುವಾಗ ಹಾಕಿ.

ಬೆಣ್ಣೆ ಹಾಕುವವರು ಗಮನಿಸಿ: ಬೆಣ್ಣೆಯಲ್ಲಿ ಸುಮಾರು 16 ಶೇಕಡಾ ನೀರಿದೆ, ಹಾಲಿನ ಅಂಶ ಬೇರೆ. ನೀರು ಬೀಜವನ್ನು ಮೆತ್ತಗೆ ಮಾಡುತ್ತದೆ, ಹಾಲಿನ ಅಂಶ ಸೀದು ಕಪ್ಪು ಚುಕ್ಕೆ ಬೀಳುತ್ತದೆ. ತುಪ್ಪಕ್ಕೆ ಈ ಎರಡೂ ತೊಂದರೆ ಇಲ್ಲ.

ಉಪ್ಪು ಖಾರ ನೋಡುವುದಿದ್ದರೆ ಪೂರ್ತಿ ತಣಿದ ಬೀಜವನ್ನೇ ನೋಡಿ. ಬಿಸಿಯಲ್ಲಿ ಖಾರ ಜಾಸ್ತಿ ಅನ್ನಿಸುತ್ತದೆ, ಉಪ್ಪು ಸರಿಯಾಗಿ ಗೊತ್ತಾಗುವುದಿಲ್ಲ. ಒಂದೇ ಬೀಜ ತಿಂದು ತೀರ್ಮಾನಿಸುವುದೂ ಬೇಡ. ಖಾರ ಏರುತ್ತಾ ಹೋಗುತ್ತದೆ, ಐದಾರು ಸತತವಾಗಿ ತಿಂದಾಗ ಹಿತವಾಗಿದ್ದರೆ ಅದು ಸರಿಯಾದ ಅಳತೆ.

ಗಾಳಿಯೊಲೆ
ಏರ್ ಫ್ರೈಯರಿನಲ್ಲಿ ಆಗುತ್ತದಾ?

ಒಲೆಕಾವಲು
ಒಣದಾಗಿ ಹುರಿಯಲು ಆಗುತ್ತದೆ. 150 ಡಿಗ್ರಿ, 6ರಿಂದ 8 ನಿಮಿಷ, ಎರಡು ನಿಮಿಷಕ್ಕೊಮ್ಮೆ ಕುಲುಕಿ. ಪುಡಿ ಹಾಕಿ ಇಟ್ಟರೆ ಫ್ಯಾನು ಅದನ್ನು ಹಾರಿಸಿ ಮೇಲಿನ ಬಿಸಿ ತಂತಿಸುರುಳಿಗೆ ಅಂಟಿಸುತ್ತದೆ, ಅಲ್ಲಿ ಸೀಯುತ್ತದೆ. ಮಸಾಲೆ ಹೊರಗೇ ಬೆರೆಸಿ. ಫ್ಯಾನು ಇರುವ ಓವನ್ನಿನಲ್ಲೂ ಇಲ್ಲಿ ಬರೆದ ಎಲ್ಲ ಅಂಕಿಗಳನ್ನು 15ರಿಂದ 20 ಡಿಗ್ರಿ ಇಳಿಸಿಕೊಳ್ಳಿ. ಸಣ್ಣ ಓವನ್ನುಗಳ ತಿರುಗುಗುಂಡಿ ತೋರಿಸುವುದು ಒಂದು, ಒಳಗಿನ ಬಿಸಿ ಇನ್ನೊಂದು. ಒಳಗೆ ಇಡುವ ಥರ್ಮಾಮೀಟರ್ ಒಂದಿದ್ದರೆ ಅರ್ಧ ಜಗಳ ಕಡಿಮೆ. ಕಪ್ಪು ಟ್ರೇ ಆದರೆ ಅಡಿಭಾಗ ಬೇಗ ಕಂದುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಡಬ್ಬಿತಳ
ಅಕ್ರೋಟಿನ ಒಗರು ಕಡಿಮೆ ಮಾಡಲು ಏನಾದರೂ ಇದೆಯೇ? ಮತ್ತೆ, ಬಟರ್ ಪೇಪರ್ ಅಂತ ಇರುವುದನ್ನು ಟ್ರೇಗೆ ಹಾಸಬಹುದಾ?

ಕಮಟು
ಒಗರು ಇರುವುದು ಅಕ್ರೋಟಿನ ತೆಳು ಸಿಪ್ಪೆಯ ಟ್ಯಾನಿನ್‌ನಲ್ಲಿ. ಕುದಿಯುವ ನೀರಿಗೆ ಹಾಕಿ ಒಂದು ನಿಮಿಷಕ್ಕೆ ಬಸಿದುಬಿಡಿ, ನೀರು ಕಂದಾಗಿರುವುದು ಕಾಣುತ್ತದೆ. ಬಟ್ಟೆಯ ಮೇಲೆ ಒರೆಸಿ, 120 ಡಿಗ್ರಿಯಲ್ಲಿ 15 ನಿಮಿಷ ಒಣಗಿಸಿದ ಮೇಲೆಯೇ ಮಸಾಲೆ. ಒಣಗಿಸದೆ ಸಕ್ಕರೆ ಹಾಕಿದರೆ ಒಳಗೆ ಸಿಕ್ಕ ನೀರು ಮಾರನೆಯ ದಿನ ಹೊರಬಂದು ಎಲ್ಲ ಬೆವರುತ್ತದೆ.

ಕಾಗದದ ಮಾತು: ಮೇಣ ಸವರಿದ ಕಾಗದ ಓವನ್ನಿಗೆ ಹೋಗಬಾರದು, ಮೇಣ ಕರಗುತ್ತದೆ, ಹೊಗೆಯಾಡುತ್ತದೆ. ಪೊಟ್ಟಣದ ಮೇಲೆ ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಬರೆದಿದ್ದರೆ ಮಾತ್ರ ಹಾಸಿ.

ಈಗ ಯಾರೂ ಕೇಳದ ವಿಷಯ. ಕೊಂಡ ಬೀಜ ಮೊದಲೇ ಕಮಟಾಗಿದ್ದರೆ ಮೇಲಿನ ಯಾವ ವಿಧಾನವೂ ಉಳಿಸುವುದಿಲ್ಲ. ಅಕ್ರೋಟಿನಲ್ಲಿ ಸುಮಾರು 65 ಶೇಕಡಾ ಕೊಬ್ಬಿದೆ, ಅದೂ ಗಾಳಿಗೆ ಬೇಗ ಕೆಡುವ ಬಗೆಯದು. ಪೆಕಾನ್ ಬೀಜದಲ್ಲಿ ಕೊಬ್ಬು ಇನ್ನೂ ಹೆಚ್ಚು. ಬಾದಾಮಿ, ಗೋಡಂಬಿ ಇವೆರಡಕ್ಕಿಂತ ತಾಳಿಕೊಳ್ಳುತ್ತವೆ. ಪ್ರತಿ ಪೊಟ್ಟಣದಿಂದ ಮೂರು ನಾಲ್ಕು ಹಸಿ ಬೀಜ ತೆಗೆದು ನಿಧಾನ ಅಗಿಯಿರಿ. ಹಳೆಯ ಎಣ್ಣೆಯ, ಬಣ್ಣದ ಡಬ್ಬಿಯ ವಾಸನೆ ಬಂದರೆ ಆ ಪೊಟ್ಟಣವೇ ಬೇಡ. ಬೂಷ್ಟು ಹಿಡಿದ, ಸುರುಟಿದ, ಬಣ್ಣಗೆಟ್ಟ ಬೀಜಗಳನ್ನು ಆರಿಸಿ ಎಸೆಯಿರಿ. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಮನೆಯ ಹುರಿಯುವ ಬಿಸಿಗೆ ನಾಶವಾಗುತ್ತದೆ ಅಂತ ನಂಬುವ ಹಾಗಿಲ್ಲ.

ಹುರಿದ ಬೀಜ ಹಸಿ ಬೀಜಕ್ಕಿಂತ ಬೇಗ ಕೆಡುತ್ತದೆ, ಇದು ಬಹಳ ಜನಕ್ಕೆ ತಲೆಕೆಳಗಾಗಿ ಗೊತ್ತು. ಗಾಳಿಯಾಡದ ಡಬ್ಬಿ, ಬೆಳಕು ಬೀಳದ ತಂಪು ಜಾಗ ಇದ್ದರೆ ಗೋಡಂಬಿ, ಬಾದಾಮಿ ಎರಡು ವಾರ ಧೈರ್ಯವಾಗಿ ಇರುತ್ತವೆ. ಅಕ್ರೋಟಿಗೆ ನಾನು ಹತ್ತು ದಿನದ ಮೇಲೆ ಬರೆಯುವುದಿಲ್ಲ. ಒಂದು ವಾರ ಮುಂಚೆ ಮಾಡಿದರೆ ಪಡೆದವರಿಗೆ ತಿನ್ನಲು ಉಳಿಯುವುದು ಎಷ್ಟು ದಿನ ಅಂತ ಲೆಕ್ಕ ಹಾಕಿ. ಗೋಡಂಬಿ, ಬಾದಾಮಿ ಮೊದಲು ಮಾಡಿ, ಅಕ್ರೋಟನ್ನು ಕೊನೆಯ ಎರಡು ದಿನಕ್ಕೆ ಇಟ್ಟುಕೊಳ್ಳಿ.

ಗ್ರಾಂತಕ್ಕಡಿ
3 ಕೆಜಿ ಒಂದೇ ದಿನ ಆಗುತ್ತದೆ ಅಂದುಕೊಳ್ಳಬೇಡಿ. 30×40 ಸೆಂಟಿಮೀಟರ್ ಟ್ರೇಗೆ ಒಂದೇ ಪದರದಲ್ಲಿ ಹಿಡಿಯುವುದು 400ರಿಂದ 500 ಗ್ರಾಂ, ಸಣ್ಣ ಓವನ್ನಿನ ಟ್ರೇಗೆ 250ರಿಂದ 300. ಎರಡು ಪದರ ಹಾಕಿದರೆ ಕೆಳಗಿನದು ಹುರಿಯುವುದಿಲ್ಲ, ಮೇಲಿನದರ ಹಬೆಯಲ್ಲಿ ಬೇಯುತ್ತದೆ. ಸಿಹಿಖಾರದ 1.5 ಕೆಜಿಗೆ ಸಣ್ಣ ಟ್ರೇಯಲ್ಲಿ ಐದಾರು ಸುತ್ತು, ಒಂದೊಂದಕ್ಕೆ ಮುಕ್ಕಾಲು ಗಂಟೆ. ನಾಲ್ಕೈದು ಗಂಟೆ ತೆಗೆದಿಡಿ. ಮೊಟ್ಟೆಯ ಬಿಳಿಯಲ್ಲಿ ಬೀಜಗಳನ್ನು ಒಟ್ಟಿಗೆ ನೆನೆಸಿ ಸರದಿ ಕಾಯಿಸಬೇಡಿ, ಸಕ್ಕರೆ ನೀರು ಬಿಟ್ಟು ಕೆಳಗೆ ಇಳಿಯುತ್ತದೆ. ಪ್ರತಿ ಸುತ್ತಿಗೆ ಆಗಲೇ ಕಲಸಿ.

ಉಪ್ಪುಖಾರ
ತಣಿಸುವುದು ಯಾರೂ ಹೇಳಲಿಲ್ಲ. ಕೈಗೆ ಬಿಸಿ ತಾಗದಿದ್ದರೆ ಸಾಲದು, ಬೀಜದ ನಡು ತಣಿಯಲು ಒಂದು ಗಂಟೆ ಬೇಕು. ಬೆಚ್ಚಗಿರುವಾಗ ಮುಚ್ಚಳ ಬಿಗಿದರೆ ಜಾಡಿಯ ಒಳಗೋಡೆಗೆ ಮಂಜು ಕಟ್ಟುತ್ತದೆ, ಮಾರನೆಯ ದಿನ ಗರಿಗರಿ ಇರುವುದಿಲ್ಲ. ಮಳೆ ಹಿಡಿದ ದಿನ ಹರವಿ ರಾತ್ರಿಯಿಡೀ ಬಿಡುವುದೂ ತಪ್ಪು, ಸಕ್ಕರೆ ಗಾಳಿಯ ಪಸೆ ಕುಡಿಯುತ್ತದೆ. ಒಂದು ಗಂಟೆ, ಆಮೇಲೆ ನೇರ ಡಬ್ಬಿಗೆ.

ಮೆತ್ತಗಾಗಿದ್ದರೆ ಎಸೆಯಬೇಡಿ: 120 ಡಿಗ್ರಿಯಲ್ಲಿ 15 ನಿಮಿಷ, ಮತ್ತೆ ತಣಿಸಿ. ಉಪ್ಪು ಹೆಚ್ಚಾಗಿದ್ದರೆ ಉಪ್ಪಿಲ್ಲದ ಹುರಿದ ಬೀಜ ಮೂರನೇ ಒಂದು ಭಾಗ ಬೆರೆಸಿ. ಸೀದದ್ದಕ್ಕೆ ಔಷಧಿ ಇಲ್ಲ, ಕಂಡಷ್ಟು ಆರಿಸಿ ತೆಗೆಯಬೇಕು. ಒಂದು ಹಿಡಿ ಸೀದ ಬೀಜ ಇಡೀ ಜಾಡಿಗೆ ವಾಸನೆ ಹಚ್ಚುತ್ತದೆ.

ಡಬ್ಬಿತಳ
ಜಾಡಿ ಎಷ್ಟು ದೊಡ್ಡದು ತೆಗೆದುಕೊಳ್ಳಲಿ? ಕಾಗದದ ಪೊಟ್ಟಣ ಚೆಂದ ಕಾಣುತ್ತದೆ ಅಂತಲೂ ಯೋಚನೆ ಇದೆ.

ಕಮಟು
250 ಮಿಲಿ ಜಾಡಿಗೆ ಇಡೀ ಬಾದಾಮಿ ಸುಮಾರು 140 ಗ್ರಾಂ, ಗೋಡಂಬಿ 130, ಅಕ್ರೋಟಿನ ಅರ್ಧಗಳು 100 ಹಿಡಿಯುತ್ತವೆ. ಸಕ್ಕರೆ ಸವರಿದ್ದು ಸ್ವಲ್ಪ ಹೆಚ್ಚು ತೂಗುತ್ತದೆ. ತುಂಬ ತುಂಬಿಸಿ, ಮೇಲೆ ಖಾಲಿ ಉಳಿದಷ್ಟೂ ಗಾಳಿ. ಬರೀ ಕಾಗದದ ಪೊಟ್ಟಣ ಎರಡು ದಿನಕ್ಕೆ ಎಣ್ಣೆ ಕುಡಿದು ಕಲೆಯಾಗುತ್ತದೆ, ತೇವವನ್ನೂ ತಡೆಯುವುದಿಲ್ಲ. ಚೆಂದಕ್ಕೆ ಕಾಗದ ಇರಲಿ, ಒಳಗೆ ಬಿಗಿಯಾಗಿ ಮುಚ್ಚಿದ ಚೀಲ ಇರಲಿ.

ಚೀಟಿಯ ಮೇಲೆ ಮಾಡಿದ ದಿನಾಂಕ, ಇಂಥ ದಿನದೊಳಗೆ ತಿನ್ನಿ ಎಂಬ ಸಾಲು, ಹಾಕಿದ ಪ್ರತಿಯೊಂದು ಪದಾರ್ಥ ಬರೆಯಿರಿ. ಗೋಡಂಬಿ, ಬಾದಾಮಿ, ಅಕ್ರೋಟು ಅಂತ ಹೆಸರು ಹೆಸರಾಗಿ, ಮೊಟ್ಟೆ ಇದ್ದರೆ ಮೊಟ್ಟೆ, ತುಪ್ಪ ಇದ್ದರೆ ಹಾಲಿನ ಪದಾರ್ಥ. ಬೀಜದ ಅಲರ್ಜಿ ಜೀವಕ್ಕೆ ಎರವಾಗಬಲ್ಲದು. ಒಂದೇ ಟ್ರೇ, ಒಂದೇ ಸೌಟು ಬಳಸಿದ್ದರೆ ಬರೀ ಬಾದಾಮಿಯ ಜಾಡಿಯ ಮೇಲೂ ಉಳಿದವುಗಳ ಹೆಸರು ಇರಬೇಕು. ಮೊಟ್ಟೆ ತಿನ್ನದವರ ಪಾಲನ್ನು ಮೊದಲು, ತೊಳೆದ ಟ್ರೇಯಲ್ಲಿ ಮಾಡಿ ಮುಚ್ಚಿಟ್ಟುಬಿಡಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡುವ ಹಾಗಿಲ್ಲ, ಗಂಟಲಲ್ಲಿ ಸಿಕ್ಕುತ್ತದೆ. ಮಕ್ಕಳಿರುವ ಮನೆಯ ಜಾಡಿಗೆ ಆ ಸಾಲೂ ಸೇರಲಿ.

ಡಬ್ಬಿತಳ
ಸರಿ. ಗೋಡಂಬಿ ತುಪ್ಪದಲ್ಲಿ ಖಾರಕ್ಕೆ, ಬಾದಾಮಿ ಅರ್ಧ ಉಪ್ಪುನೀರಿನಲ್ಲಿ, ಅರ್ಧ ಮರಳು ಸಕ್ಕರೆಯಲ್ಲಿ, ಅಕ್ರೋಟು ಕಡಲೆ ನೀರಿನಲ್ಲಿ ಕೊನೆಗೆ. ಮೊಟ್ಟೆ ಬೇಡವೇ ಬೇಡ, ಎರಡು ಲೆಕ್ಕ ಇಡುವ ತಲೆನೋವು ತಪ್ಪುತ್ತದೆ. ಇಷ್ಟಾದರೂ ಸ್ವಲ್ಪ ಪುಡಿ ಉದುರಿಯೇ ಉದುರುತ್ತದಲ್ಲ?

ನೊರೆಬಿಳಿ
ಉದುರುತ್ತದೆ. ಜಾಡಿಗೆ ತುಂಬಿಸುವ ಮುಂಚೆ ದಪ್ಪ ಕಣ್ಣಿನ ಜರಡಿಯಲ್ಲಿ ಎರಡು ಸಲ ಅಲ್ಲಾಡಿಸಿ, ಉದುರಬೇಕಾದದ್ದು ಅಲ್ಲೇ ಉದುರಲಿ. ಕೆಳಗೆ ಬಿದ್ದ ಮಸಾಲೆ ಸಕ್ಕರೆಯನ್ನು ಎಸೆಯಬೇಡಿ, ಪಾಪ್‌ಕಾರ್ನ್ ಮೇಲೆ ಉದುರಿಸಿ ನೋಡಿ.